ಬೇಲಿಯಾಚೆಯ ಸಾವೊ ಪಾಲೊ

ಶಿಕ್ ಶಿಕ್ ಶಿಕ್ ಶಿಕ್, ಒಂದೇ ಸಮನೆ. ಸಿಡ್ನಿಯ ಕೆಲ್ಲಿವಿಲ್‌ನಲ್ಲಿ ಮಗಳ ಮನೆಯ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಮರದ ಬೇಲಿಯ ಆಚೆಯಿಂದ ಆ ಸದ್ದು ಬಂತು. ಪ್ರೆಷರ್ ಕುಕ್ಕರ್ ಎಂದು ತಕ್ಷಣ ಗೊತ್ತಾಯಿತು. ಆದರೆ ಅದು ಕೂಗಲಿಲ್ಲ. ನಮ್ಮ ಕುಕ್ಕರ್ ಉಸಿರು ಬಿಗಿಹಿಡಿದು, ತಡೆಯಲಾರದೆ ಒಮ್ಮೆ ಕೂಗಿ ಸುಮ್ಮನಾಗುತ್ತದೆ. ಇದು ಹಾಗಲ್ಲ. ಕ್ಲಿಪ್ಪುಗಳನ್ನು ಕೈಯಲ್ಲಿ ಹಿಡಿದುಕೊಂಡು ನಾನು ವಿಸಿಲ್‌ಗಾಗಿ ಕಾದೆ, ಕಾದೆ. ವೆಯಿಟ್ ಕಚ್ಚಿಕೊಂಡಿದೆ, ಇನ್ನೇನು ಸಿಡಿಯುತ್ತದೆ ಅನ್ನಿಸಿತು.

ಕರೆಯದೆ ಯಾರ ಮನೆಗೂ ಹೋಗಬಾರದೆಂದು ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಕಲಿಸಿದ್ದರು. ಕುಕ್ಕರ್ ಸಿಡಿಯುವ ಹೊತ್ತಿನಲ್ಲಿ ಏನು ಮಾಡಬೇಕೆಂದು ಕಲಿಸಿರಲಿಲ್ಲ. ಮುಂದಿನಿಂದ ಸುತ್ತಿಹೋಗಿ ಬೆಲ್ ಒತ್ತಿದೆ. ಬಾಗಿಲು ತೆರೆದವಳು ನನ್ನದೇ ವಯಸ್ಸಿನವಳು, ಗಿಡ್ಡ ಬಿಳಿಕೂದಲು, ಏಪ್ರನ್. ಡಿಕ್ಟೇಷನ್ ಕೊಡುವವಳಂತೆ ನಾನು ನಿಧಾನವಾಗಿ ಹೇಳಿದೆ, “ಎಕ್ಸ್‌ಕ್ಯೂಸ್ ಮಿ, ಯುವರ್ ಕುಕ್ಕರ್ ಈಸ್ ನಾಟ್ ವಿಸ್ಲಿಂಗ್.”

ಅವಳು ನನ್ನ ಕೈಹಿಡಿದು ಒಳಗೆ ಕರೆದೊಯ್ದು ಒಲೆ ತೋರಿಸಿದಳು. ಕುಕ್ಕರ್ ಮೇಲೆ ಪುಟ್ಟ ವೆಯಿಟ್ ಬುಗುರಿಯಂತೆ ತಿರುಗುತ್ತಿತ್ತು. ಒಳಗೆ ಕರಿ ಹುರುಳಿಯಂಥ ಯಾವುದೋ ಕಾಳು. ಅವರ ದೇಶದಲ್ಲಿ ಕುಕ್ಕರ್ ಕೂಗುವುದಿಲ್ಲವಂತೆ. ಅದನ್ನು ಅವಳು ಸೂಟ್‌ಕೇಸಿನಲ್ಲಿಟ್ಟುಕೊಂಡು ಬ್ರೆಜಿಲ್‌ನ ಸಾವೊ ಪಾಲೊದಿಂದ ತಂದಿದ್ದಳು. ನಾನೂ ನನ್ನದನ್ನು ಮೈಸೂರಿನಿಂದ ಹಾಗೆಯೇ ತಂದವಳು ಎಂದಾಗ ಏಪ್ರನ್ನಿನಲ್ಲಿ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು.

ಅವಳು ಮಗನ ಮನೆಗೆ ವಿಸಿಟರ್ ವೀಸಾದಲ್ಲಿ ಬಂದಿದ್ದಳು. ವರ್ಷ ತುಂಬಿದರೆ ಹೊರಡಬೇಕು. ನನಗೆ ಪಿಆರ್, ಅಂದರೆ ಇಲ್ಲೇ ಕಾಯಂ ಇರುವ ಅನುಮತಿ, ಸಿಕ್ಕಿತ್ತು, ಎಲ್ಲಿಗೂ ಹೊರಡುವ ಅವಸರವಿರಲಿಲ್ಲ. ಎರಡೂ ಮನೆಯ ಮಕ್ಕಳು ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆಯೇ ಬರುವುದು. ಅವಳ ಇಂಗ್ಲಿಷು ಮುರುಕು, ನನ್ನದು ಕಾನ್ವೆಂಟಿನ ಇಸ್ತ್ರಿ ಹಾಕಿದ್ದು. ಹೇಗೋ ಏನೋ, ಮಾತಿಗೆ ಕೊರತೆಯಾಗಲಿಲ್ಲ. ಅದನ್ನೆಲ್ಲ ಇಲ್ಲಿ ನನ್ನ ಕನ್ನಡದಲ್ಲೇ ಬರೆಯುತ್ತೇನೆ. ಅವಳು ನನ್ನನ್ನು ‘ಅಮೀಗ’ ಎನ್ನುತ್ತಿದ್ದಳು, ಅವರಲ್ಲಿ ಗೆಳತಿ ಎಂದು.

ಸಿಡ್ನಿ ನೋಡೋಣ ಎಂದವಳು ಅವಳೇ. ಊರಿನಲ್ಲಿ ಅವಳು ಸ್ಕೂಲ್ ಟೀಚರಾಗಿದ್ದಳು. ಪ್ರತಿ ವರ್ಷ ಮಕ್ಕಳನ್ನು ಕರೆದುಕೊಂಡು ಹೋಗಿ ನಗರದ ಹಳೆಯ ಕಟ್ಟಡಗಳನ್ನೂ ಸ್ಮಾರಕಗಳನ್ನೂ ತೋರಿಸುವುದು ಅವಳ ಕೆಲಸ. ಆ ಅಭ್ಯಾಸ ಬಿಟ್ಟಿರಲಿಲ್ಲ. ಮೆಟ್ರೊ ಹತ್ತುವ ಮೊದಲು ಟೋಪಿ ಇದೆಯೇ, ನೀರು ಇದೆಯೇ, ಟಾಯ್ಲೆಟ್ ಆಯಿತೇ ಎಂದು ನನ್ನನ್ನು ವಿಚಾರಿಸುತ್ತಿದ್ದಳು. ನಾನು ಆಫ್ ಕೋರ್ಸ್ ವಿಧೇಯ ವಿದ್ಯಾರ್ಥಿನಿ. ನನ್ನ ಡಬ್ಬಿಯಲ್ಲಿ ಪುಳಿಯೋಗರೆ, ಅವಳದರಲ್ಲಿ ಚೀಸ್ ಹಾಕಿ ಸುಟ್ಟ ದುಂಡನೆಯ ಪುಟ್ಟ ಬನ್ನುಗಳು.

ಮೊದಲ ದಿನ ಮಗಳು ಹೇಳಿದಳು, “ಅಮ್ಮ, ಫೋನ್ ಚಾರ್ಜ್ ಮಾಡ್ಕೊಂಡ್ ಹೋಗು. ನೀವಿಬ್ರೂ ಕಳೆದುಹೋದ್ರೆ ನಾನು ಯಾವ ಭಾಷೇಲಿ ಕಂಪ್ಲೇಂಟ್ ಕೊಡ್ಲಿ?”

ಆಪೆರಾ ಹೌಸ್ ಅನ್ನು ಅವಳು ಒಮ್ಮೆ ನೋಡಿದಳು, ಬೇರೆಯವರ ಮನೆಯ ಸೊಸೆಯನ್ನು ನೋಡಿದಂತೆ. ಚೆನ್ನಾಗಿದೆ ಎಂದಳು. ಆಮೇಲೆ ಅದಕ್ಕೆ ಬೆನ್ನುಹಾಕಿ ಮೆಟ್ಟಿಲ ಮೇಲೆ ಕುಳಿತು ತನ್ನೂರಿನ ಹಳೆಯ ಥಿಯೇಟರಿನ ಕಥೆ ತೆಗೆದಳು. ಅಮೃತಶಿಲೆಯ ಮೆಟ್ಟಿಲು, ಚಿನ್ನದ ಬಣ್ಣದ ಚೌಕಟ್ಟಿನ ಕನ್ನಡಿಗಳು. ಬಡ ಬಡಾವಣೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ದರೆ ಯಾರೂ ಸ್ಟೇಜ್ ನೋಡುತ್ತಿರಲಿಲ್ಲವಂತೆ, ಕನ್ನಡಿಯಲ್ಲಿ ತಮ್ಮನ್ನು ತಾವೇ ನೋಡಿಕೊಳ್ಳುತ್ತಿದ್ದರಂತೆ. ಥಿಯೇಟರಿನ ಪಕ್ಕದಲ್ಲೊಂದು ಸೇತುವೆ, ಅದರ ಹೆಸರು ಟೀ ಸೇತುವೆ. ಹಿಂದೆ ಅಲ್ಲಿ ಟೀ ಬೆಳೆಯುತ್ತಿದ್ದರಂತೆ. ಕಾಫಿಯ ದೇಶದಲ್ಲಿ ಟೀ ಸೇತುವೆಯೇ ಎಂದು ನಾನು ಕೇಳಿದೆ. ನಿಮ್ಮ ಕಡೆಯೂ ಕಾಫಿ ಬೆಳೆಯುತ್ತಾರಲ್ಲ, ಸೇತುವೆಗೆ ಹೆಸರಿಟ್ಟಿದ್ದೀರಾ ಎಂದಳು.

ಹೀಗೇ ಆಯಿತು. ಹಾರ್ಬರ್ ಬ್ರಿಡ್ಜ್ ಮುಂದೆ ನಿಂತರೆ ಟೀ ಸೇತುವೆ. ಸಿಡ್ನಿಯ ಕೆಥೆಡ್ರಲ್‌ನಲ್ಲಿ ಕುಳಿತರೆ ಅವಳೂರಿನ ಎರಡು ಗೋಪುರದ ಕೆಥೆಡ್ರಲ್, ಅದರ ಮುಂದಿನ ಸಾಲು ತಾಳೆಮರ. ಅಲ್ಲಿ ಒಂದು ಗಿಡ್ಡ ಕಲ್ಲಿದೆಯಂತೆ, ಆ ನಾಡಿನ ರಸ್ತೆಗಳ ಅಳತೆ ಶುರುವಾಗುವುದೇ ಅಲ್ಲಿಂದ. ಅಂಥ ಕಲ್ಲಿನ ಕಂಬವೊಂದು ಸಿಡ್ನಿಯಲ್ಲೂ ಇದೆ ಎಂದು ಮಗಳಿಂದ ಕೇಳಿ ತಿಳಿದುಕೊಂಡು, ಮುಂದಿನ ವಾರ ಹೆಮ್ಮೆಯಿಂದ ಅವಳನ್ನು ಆ ಕಂಬದ ಹತ್ತಿರ ಕರೆದೊಯ್ದೆ. ಹಳೆಯ ಕಾಲದಲ್ಲಿ ಯಾವ ಊರು ಎಷ್ಟು ಮೈಲಿ ಎಂದು ಅದರ ಮೇಲೆ ಕೆತ್ತಿದೆ. ಅವಳು ಕಂಬದ ಸುತ್ತ ಒಂದು ಸುತ್ತು ಬಂದಳು. “ಸಾವೊ ಪಾಲೊ ಎಷ್ಟು ದೂರ ಅಂತ ಬರ್ದೇ ಇಲ್ವಲ್ಲ,” ಎಂದಳು. ತಮಾಷೆಗೆಂದು ಶುರುಮಾಡಿದ ಮಾತು, ಮುಗಿಯುವಾಗ ತಮಾಷೆಯಾಗಿರಲಿಲ್ಲ. ನನಗೂ ಮೈಸೂರಿನ ಹೆಸರು ಹುಡುಕುವ ಆಸೆಯಾಗಿತ್ತು.

ಚಳಿಗಾಲದಲ್ಲಿ ನಾನು ಮೆಲ್ಬರ್ನ್‌ಗೆ ಹೊರಟೆ. ಮಗ ಅಲ್ಲಿನ ಗ್ಲೆನ್ ವೇವರ್ಲಿಯಲ್ಲಿದ್ದಾನೆ. ಅವಳನ್ನೂ ಕರೆದುಕೊಂಡು ಹೋದೆ. ಗ್ಲೆನ್ ವೇವರ್ಲಿಯಿಂದ ರೈಲು ಹತ್ತಿ ಫ್ಲಿಂಡರ್ಸ್ ಸ್ಟ್ರೀಟ್ ಸ್ಟೇಷನ್‌ನಲ್ಲಿ ಇಳಿದೆವು. ರಸ್ತೆ ದಾಟಿ ಆಚೆಯಿಂದ ತಿರುಗಿ ನೋಡಿದಾಗ ಅವಳು ನಿಂತುಬಿಟ್ಟಳು. ಹಳದಿ ಗೋಡೆ, ಗುಮ್ಮಟ, ಬಾಗಿಲ ಮೇಲೆ ಸಾಲಾಗಿ ಗಡಿಯಾರಗಳು. ಅದರ ಕೆಳಗೆ ಯಾರ್‍ಯಾರೋ ಯಾರ್‍ಯಾರಿಗೋ ಕಾಯುತ್ತಿದ್ದರು. ಸಿಗ್ನಲ್ ಹಸಿರಾಯಿತು, ಕೆಂಪಾಯಿತು. ಅವಳು ಅಲುಗಲಿಲ್ಲ.

ಅವಳೂರಿನ ಲೂಝ್ ಸ್ಟೇಷನ್ ಇಟ್ಟಿಗೆ ಕೆಂಪಿನದಂತೆ, ಎತ್ತರದ ಗಡಿಯಾರ ಗೋಪುರದ್ದು. ಒಮ್ಮೆ ಬೆಂಕಿಗೆ ಸುಟ್ಟು ಮತ್ತೆ ಕಟ್ಟಿದ್ದು. ಅವಳ ಗಂಡ, ಇನ್ನೂ ಗಂಡನಾಗಿರದ ಕಾಲದಲ್ಲಿ, ಆ ಗೋಪುರದ ಕೆಳಗೆ ನಿಂತು ಅವಳಿಗಾಗಿ ಕಾಯುತ್ತಿದ್ದನಂತೆ. ಇವಳು ಯಾವಾಗಲೂ ಲೇಟು. ಅಷ್ಟು ದೊಡ್ಡ ಗಡಿಯಾರ ತಲೆಯ ಮೇಲಿದ್ದರೂ ಅವನು ಮಾತ್ರ ಕೈಗಡಿಯಾರವನ್ನೇ ನೋಡುತ್ತಿದ್ದನಂತೆ. ಅವನು ತೀರಿಹೋಗಿ ಬಹಳ ವರ್ಷವಾಗಿತ್ತು, ನನ್ನವರು ಹೋದಷ್ಟೇ.

ಆಮೇಲೆ ಪಾರ್ಕೊಂದರಲ್ಲಿ ಕುಳಿತು ಪುಳಿಯೋಗರೆ ತಿಂದೆವು. ಅಲ್ಲಿ ಅವಳು ಕಲ್ಲುದೋಣಿಯ ಕಥೆ ಹೇಳಿದಳು. ಅವರ ಊರಿನ ದೊಡ್ಡ ಪಾರ್ಕಿನ ಹತ್ತಿರ ಕಲ್ಲಿನ ಒಂದು ಗುಂಪು ಜನ ಕಲ್ಲಿನ ದೋಣಿಯೊಂದನ್ನು ಎಳೆಯುತ್ತ ತಳ್ಳುತ್ತ ನಿಂತಿದ್ದಾರಂತೆ, ಭಾರೀ ಸ್ಮಾರಕ. ಊರಿನವರು ಅದಕ್ಕೆ ಇಟ್ಟ ಅಡ್ಡಹೆಸರು ‘ನೀ ಬಿಡು, ನಾ ತಳ್ತೀನಿ’. ಎಲ್ಲರೂ ತಳ್ಳುವವರೇ, ದೋಣಿ ಇದ್ದಲ್ಲೇ ಇದೆ. ನಾವಿಬ್ಬರೂ ನಕ್ಕಿದ್ದಕ್ಕೆ ಪಕ್ಕದ ಬೆಂಚಿನವರು ತಿರುಗಿ ನೋಡಿದರು. ಪ್ರಾಪರ್ ಲೇಡೀಸ್ ಹಾಗೆ ನಗುವುದಿಲ್ಲ.

ನಗು ನಿಂತ ಮೇಲೆ ಅವಳು ನನ್ನ ಮೊಣಕೈ ಹಿಡಿದಳು. “ಅಮೀಗ, ನೀನು ಬರ್ಬೇಕು. ನಾನು ಹೇಳೋದಲ್ಲ, ನೀನು ನೋಡ್ಬೇಕು. ಲೂಝ್‌ನಲ್ಲಿ ನಾನು ಗಡಿಯಾರದ ಕೆಳಗೆ ನಿಂತಿರ್ತೀನಿ. ಈ ಸಲ ಕಾಯೋಳು ನಾನು.”

ಬರುತ್ತೇನೆ ಎಂದೆ. ಆ ಕ್ಷಣದಿಂದ ನನಗೆ ಬೇರೇನೂ ಬೇಡವಾಯಿತು. ವಯಸ್ಸಾದ ಮೇಲೆ ಆಸೆಗಳು ಕಡಿಮೆಯಾಗುತ್ತವೆ ಎನ್ನುತ್ತಾರೆ. ನನಗೆ ಹೊಸದೊಂದು ಹುಟ್ಟಿ ಕುಳಿತಿತ್ತು: ಅವಳ ಜೊತೆ, ಅವಳ ಊರಿನಲ್ಲಿ, ಅವಳು ಬೆರಳು ತೋರಿಸಿದ ಕಡೆ ನೋಡಬೇಕು.

ಅಂದು ರಾತ್ರಿ ಊಟಕ್ಕೆ ಕುಳಿತಾಗ ಮಗ ಕೇಳಿದ, “ಅಮ್ಮ, ನೀವಿಬ್ರೂ ಮೆಲ್ಬರ್ನ್ ನೋಡಿದ್ರೋ, ಬ್ರೆಜಿಲ್ ನೋಡಿದ್ರೋ?” ಬ್ರೆಜಿಲ್ ಎಂದೆ.

ಸಿಡ್ನಿಗೆ ಮರಳಿದ ಮೇಲೆ ಬ್ರೆಜಿಲ್‌ಗೆ ಹೋಗಬಹುದೇ ಎಂದು ನನ್ನ ಹೃದಯದ ತೊಂದರೆ ನೋಡುವ ಡಾಕ್ಟರನ್ನು ಕೇಳಿದೆ. ಅಷ್ಟು ಉದ್ದದ ಫ್ಲೈಟ್ ಈಗ ಬೇಡ, ಮುಂದಿನ ವರ್ಷ ನೋಡೋಣ ಎಂದರು. ಊರಿಗೆ ಹೋಗಲು ಬೆಂಗಳೂರಿನ ಫ್ಲೈಟ್ ಕೇಳಿದಾಗಲೂ ಅದೇ ಉತ್ತರವಾಗಿತ್ತು, ಆದ್ದರಿಂದ ನನಗೆ ಹೊಸ ಮಾತಲ್ಲ. ಆದರೆ ಈ ಸಲ ಮನೆಗೆ ಬರುವ ದಾರಿಯಲ್ಲಿ ಮಗಳು ಕಾರಿನ ರೇಡಿಯೊ ಆಫ್ ಮಾಡಿದಳು. ಇತ್ತ ಬೇಲಿಯಾಚೆ ಸೂಟ್‌ಕೇಸುಗಳು ತೆರೆದುಕೊಂಡಿದ್ದವು. ವೀಸಾ ಮುಗಿಯುತ್ತಿತ್ತು.

ಅವಳಿಗೆ ಟಿಕೆಟ್ ಬುಕ್ ಆಗಿದ್ದು ಮಂಗಳವಾರಕ್ಕೆ. ಏರ್‌ಪೋರ್ಟಿಗೆ ಮನೆ ಬಿಡುವ ಹೊತ್ತು ಸರಿಯಾಗಿ ರಾಹುಕಾಲ. ಇಂಥದ್ದಕ್ಕೆಲ್ಲ ಜೀವಮಾನವಿಡೀ ನಕ್ಕವಳು ನಾನು. ಅತ್ತೆ ಪಂಚಾಂಗ ತೆಗೆದರೆ ‘ಸೂಪರ್‌ಸ್ಟಿಷನ್’ ಎಂದು ಮೂಗು ಮುರಿದವಳು. ಆದರೆ ಅವಳು ಹೊರಡುವುದು ಎಂದಾಗ ನನ್ನಿಂದ ಸುಮ್ಮನಿರಲು ಆಗಲಿಲ್ಲ. ನಮ್ಮ ಅಜ್ಜಿ ಮಾಡುತ್ತಿದ್ದ ಉಪಾಯವೊಂದಿತ್ತು, ಅದಕ್ಕೆ ಪರಸ್ಥಾನ ಎನ್ನುತ್ತಿದ್ದರು. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕೆ ಮುಂಚೆಯೇ ಒಳ್ಳೆಯ ಗಳಿಗೆಯಲ್ಲಿ ಪ್ರಯಾಣಿಕರ ಬಟ್ಟೆಯ ಗಂಟನ್ನು ನೆರೆಮನೆಯಲ್ಲಿ ಇಟ್ಟುಬರುವುದು. ಗಂಟು ಹೊಸ್ತಿಲು ದಾಟಿತೆಂದರೆ ಪ್ರಯಾಣ ಶುರುವಾದಂತೆ. ಆಮೇಲೆ ಮನುಷ್ಯರು ಯಾವ ಹೊತ್ತಿಗೆ ಹೊರಟರೂ ದೋಷವಿಲ್ಲ.

ಇದನ್ನು ಅವಳಿಗೆ ವಿವರಿಸುವಾಗ ನಾಚಿಕೆಯಾಯಿತು. ಅವಳು ನಗಲಿಲ್ಲ. ತನ್ನ ತಾಯಿಯೂ ಪ್ರಯಾಣಕ್ಕೆ ಮುಂಚೆ ಬಾಗಿಲ ಬಳಿ ಏನೋ ಪ್ರಾರ್ಥನೆ ಹೇಳುತ್ತಿದ್ದಳು ಎಂದಳು. ಸೋಮವಾರ ಬೆಳಿಗ್ಗೆ, ನಾನು ಹೇಳಿದ ಹೊತ್ತಿಗೆ, ತನ್ನ ಕೈಚೀಲ ತಂದು ನಮ್ಮ ಹಾಲಿನ ಗೋಡೆಗೆ ಒರಗಿಸಿ ಇಟ್ಟಳು. ಮೊದಲ ಬಾರಿಗೆ ಹೇಳಿದ ಹೊತ್ತಿಗೆ ಬಂದಿದ್ದಳು. ನಾನು ದೀಪ ಹಚ್ಚಿದೆ. ಫಿಲ್ಟರ್ ಕಾಫಿ ಕೊಟ್ಟೆ. ಹಾಲು ಜಾಸ್ತಿ, ಇದು ಮಕ್ಕಳು ಕುಡಿಯುವ ಕಾಫಿ ಎಂದು ಎಂದಿನಂತೆ ಹಂಗಿಸಿ ಪೂರ್ತಿ ಕುಡಿದಳು. ಲೋಟ ಕೆಳಗಿಟ್ಟು ಕೇಳಿದಳು, “ನಿನ್ನ ಚೀಲ ಎಲ್ಲಿ?”

“ನಂದ್ಯಾಕೆ? ನಾನೆಲ್ಲಿ ಹೊರಟಿದೀನಿ?”

“ಚೀಲ ನೆರೆಮನೆಗೆ ಹೋದ್ರೆ ಪ್ರಯಾಣ ಶುರು ಅಂತ ನೀನೇ ಹೇಳ್ದೆ. ನಾನು ನಿನ್ನ ನೆರೆಯವಳಲ್ವಾ? ಕೊಡು.”

ನಾನು ಅವಳ ಮುಖ ನೋಡಿದೆ. ಅವಳು ಕೈ ಚಾಚಿಕೊಂಡೇ ಇದ್ದಳು, ಹೋಮ್‌ವರ್ಕ್ ಕೇಳುವ ಟೀಚರಂತೆ.

ರೂಮಿಗೆ ಹೋಗಿ ಬೀರು ತೆರೆದೆ. ರೇಷ್ಮೆ ಬೇಡ ಅನ್ನಿಸಿತು. ಬಹಳ ನಡೆಯುವುದಿದೆಯಲ್ಲ. ತೆಳುನೀಲಿಯ ವಾಯಿಲ್ ಸೀರೆ, ಅದರ ಬ್ಲೌಸು, ಜೇಬು ಹೊಲಿಸಿದ ಒಳಲಂಗ, ಒಂದು ಬಾಚಣಿಗೆ. ಬಟ್ಟೆಯ ಕೈಚೀಲದಲ್ಲಿ ಹಾಕಿ ಕೊಟ್ಟೆ. ಅವಳು ಅದನ್ನು ಬೇಲಿಯಾಚೆಗೆ ತೆಗೆದುಕೊಂಡು ಹೋದಳು.

ಸಂಜೆ ಮಗಳಿಗೆ ಹೇಳಿದೆ. “ಅಮ್ಮ, ಡಾಕ್ಟ್ರು ಏನ್ ಹೇಳಿದಾರೆ ಅಂತ ಗೊತ್ತಿದ್ದೂ ಸೀರೆ ಯಾಕ್ ಕಳಿಸ್ದೆ?” ಎಂದಳು. ಹೋಗುವುದಕ್ಕೇ ಕಳಿಸಿದ್ದು ಕಣೆ ಎಂದೆ. ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಆಮೇಲೆ ಮೆಲ್ಲಗೆ, “ಮ್ಯಾಚಿಂಗ್ ಬ್ಲೌಸ್ ಇಟ್ಟಿದೀಯಾ?” ಎಂದು ಕೇಳಿದಳು.

ಈಗಲೂ ಅವಳ ವಾಯ್ಸ್ ಮೆಸೇಜುಗಳು ಬರುತ್ತವೆ. ಸೀರೆಯನ್ನು ಒಗೆದು ಇಸ್ತ್ರಿ ಮಾಡಿ ಕಪಾಟಿನಲ್ಲಿ ನೇತುಹಾಕಿದ್ದಾಳಂತೆ. ಅಷ್ಟು ಉದ್ದದ ಬಟ್ಟೆ ಮಡಿಸಲು ಬಾರದೆ ಅಕ್ಕಪಕ್ಕದವರನ್ನು ಕರೆಯಬೇಕಾಯಿತಂತೆ. ಅವಳಿಗೂ ಮಂಡಿನೋವು ಜಾಸ್ತಿಯಾಗಿದೆ. ಟೀ ಸೇತುವೆಯವರೆಗೂ ಹೋಗಿ ಬಹಳ ದಿನವಾಯಿತಂತೆ, ನೀನು ಬಂದಾಗ ಹೋಗೋಣ ಎನ್ನುತ್ತಾಳೆ. ಡಾಕ್ಟರು ಪ್ರತಿ ಚೆಕಪ್‌ನಲ್ಲಿ ಮುಂದಿನ ವರ್ಷ ನೋಡೋಣ ಎನ್ನುತ್ತಾರೆ. ನಾನು ಥ್ಯಾಂಕ್ ಯೂ ಡಾಕ್ಟರ್ ಎಂದು ಎದ್ದು ಬರುತ್ತೇನೆ.

ಆ ಮಂಗಳವಾರ ಮಧ್ಯಾಹ್ನ ಅವಳ ಮಗ ಡ್ರೈವ್‌ವೇಯಲ್ಲಿ ಕಾರಿಗೆ ಸಾಮಾನು ತುಂಬುತ್ತಿದ್ದ. ಅವಳು ನಮ್ಮ ಹಾಲಿಗೆ ಬಂದು ತನ್ನ ಚೀಲ ಎತ್ತಿಕೊಂಡು, ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟು ಹೋದಳು. ಮಗ ನನ್ನ ಬಟ್ಟೆಚೀಲವನ್ನು ಡಿಕ್ಕಿಗೆ ಹಾಕಲು ಕೈಚಾಚಿದ. ಅವಳು ಕೊಡಲಿಲ್ಲ. ಹಿಂದಿನ ಸೀಟಿನಲ್ಲಿ ಅದನ್ನು ಪಕ್ಕಕ್ಕೆ ಕೂರಿಸಿ, ಅದರ ಮೇಲೆ ಸೀಟ್ ಬೆಲ್ಟ್ ಎಳೆದು ಹಾಕಿದಳು. ಕಾರು ಹಿಂದಕ್ಕೆ ಸರಿದು ರಸ್ತೆಗಿಳಿಯಿತು. ಅವಳು ನನ್ನ ಕಡೆ ತಿರುಗಿರಲಿಲ್ಲ. ಕಿಟಕಿಯಾಚೆಗೆ ಬೆರಳು ಚಾಚಿ, ಪಕ್ಕದಲ್ಲಿದ್ದ ಚೀಲಕ್ಕೆ ಏನನ್ನೋ ತೋರಿಸುತ್ತಿದ್ದಳು.