ಅಣ್ಣನ ಬಸ್ಸಿನ ಶನಿವಾರಗಳು

ಆರು ವರ್ಷ ಮಾತು ಬಿಟ್ಟಿದ್ದ ಅಣ್ಣ ನನ್ನೊಡನೆ ಮತ್ತೆ ಆಡಿದ ಮೊದಲ ಮಾತು “ಎಲ್ಲಿಗೆ?” ಎರಡನೆಯದು “ಆಧಾರ್ ತೋರ್ಸಿ.” ಅದೂ ಬಹುವಚನದಲ್ಲಿ.

ಅದು ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗುವ ಸರ್ಕಾರಿ ಬಸ್ಸು. ಹೆಂಗಸರಿಗೆ ಬಸ್ಸು ಫ್ರೀ ಆಗಿ ಕೆಲವು ತಿಂಗಳಾಗಿತ್ತು. ನಾನಾಗ ಸೆಕೆಂಡ್ ಪಿಯುಸಿ. ಅಮ್ಮ ಹೊಲಿದಿಟ್ಟಿದ್ದ ರವಿಕೆಗಳನ್ನು ನರಸೀಪುರದ ಚಿಕ್ಕಮ್ಮನಿಗೆ ಕೊಟ್ಟುಬರಲು ಹೊರಟು, ಕಿಟಕಿ ಪಕ್ಕದ ಸೀಟು ಹಿಡಿದು ಕೂತಿದ್ದೆ. ಟಿಕೆಟ್ ಮಿಷನ್ ಹಿಡಿದು ಬಂದ ಕಂಡಕ್ಟರನ ಕೈ ಮೊದಲು ಕಂಡಿತು. ಹೆಬ್ಬೆರಳ ಬುಡದಲ್ಲಿ ಸುಟ್ಟ ಕಲೆ. ನನಗೆ ಐದು ವರ್ಷವಿದ್ದಾಗ ದೀಪಾವಳಿಯಲ್ಲಿ ನನ್ನ ಕೈಲಿದ್ದ ಸುರುಸುರುಬತ್ತಿ ತಾಗಿ ಆದ ಕಲೆ ಅದು. ತಲೆ ಎತ್ತಿ ನೋಡಿದೆ. ಮೀಸೆ ಬಂದಿತ್ತು, ಖಾಕಿ ಬಂದಿತ್ತು, ಉಳಿದಂತೆ ನಮ್ಮ ಅಣ್ಣನೇ.

ಅವನು ನನ್ನ ಆಧಾರ್ ಕಾರ್ಡನ್ನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ. ಆ ಫೋಟೋದಲ್ಲಿ ನನ್ನ ತುಟಿ ಬಿಗಿದು ಕೆನ್ನೆ ಉಬ್ಬಿದೆ. ಫೋಟೋ ತೆಗೆಸಲು ಕರೆದುಕೊಂಡು ಹೋಗಿದ್ದವನು ಅವನೇ. ಕ್ಯಾಮೆರಾದ ಹಿಂದೆ ನಿಂತು ಕೋತಿಯ ಹಾಗೆ ಮುಖ ಮಾಡುತ್ತಿದ್ದ, ನಾನು ನಗು ತಡೆದುಕೊಂಡು ಕೂತಿದ್ದೆ. ಈಗ ಅವನ ಮುಖದಲ್ಲಿ ಏನೂ ಇರಲಿಲ್ಲ. ಕಾರ್ಡು ವಾಪಸ್ ಕೊಟ್ಟ. ಸೊನ್ನೆ ರೂಪಾಯಿ ಎಂದು ಅಚ್ಚಾದ ಚೀಟಿ ಹರಿದು ಕೊಟ್ಟ. ಹಿಂದಿನ ಸೀಟಿಗೆ ಹೋದ.

ಅಣ್ಣ ನನಗಿಂತ ಎಂಟು ವರ್ಷಕ್ಕೆ ದೊಡ್ಡವನು. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮಗ ಮೈಸೂರಿನಲ್ಲಿ ಡಿಪ್ಲೊಮಾ ಓದುತ್ತಿದ್ದಾನೆಂದು ಅವರು ನಂಬಿದ್ದ ಕಾಲದಲ್ಲಿ ಅವನು ಕ್ಲಾಸು ಬಿಟ್ಟು ಪ್ರೈವೇಟ್ ಬಸ್ಸೊಂದರಲ್ಲಿ ಕ್ಲೀನರ್ ಆಗಿ ಊರೂರು ತಿರುಗುತ್ತಿದ್ದ. ಬಸ್ಸೆಂದರೆ ಅವನಿಗೆ ಹುಚ್ಚು. ಈ ಗುಟ್ಟು ಗೊತ್ತಿದ್ದದ್ದು ನನಗೊಬ್ಬಳಿಗೇ. ಹನ್ನೊಂದು ವರ್ಷದವಳ ಹೊಟ್ಟೆಯಲ್ಲಿ ಗುಟ್ಟು ಎಷ್ಟು ದಿನ ನಿಂತೀತು? ಒಂದು ದಿನ ಅಪ್ಪ ಊಟಕ್ಕೆ ಕೂತು, “ನಿಮ್ಮಣ್ಣ ಚೆನ್ನಾಗಿ ಓದ್ತಿದ್ದಾನೇನಮ್ಮ?” ಎಂದು ಸುಮ್ಮನೆ ಕೇಳಿದರು. ನಾನು, “ಅವ್ನೆಲ್ಲಿ ಓದ್ತಾನೆ, ಬಸ್ ಬಾಗ್ಲಲ್ಲಿ ನಿಂತ್ಕೊಂಡು ರೈಟ್ ರೈಟ್ ಅಂತಾನೆ,” ಎಂದು ಹೆಮ್ಮೆಯಿಂದ ಹೇಳಿಬಿಟ್ಟೆ.

ರಾತ್ರಿ ಅಣ್ಣ ಮನೆಗೆ ಬಂದಾಗ ಅಪ್ಪ ಹೊಡೆಯಲಿಲ್ಲ. ಅವನ ಪುಸ್ತಕಗಳನ್ನೆಲ್ಲ ತಂದು ಅಂಗಳಕ್ಕೆ ಹಾಕಿ, “ನಿನಗೆ ಬೇಡ ಅಂದ್ಮೇಲೆ ಇವು ನನ್ನ ಮನೇಲಿ ಯಾಕೆ,” ಎಂದರು. ಬೆಳಿಗ್ಗೆ ಪುಸ್ತಕಗಳು ಅಲ್ಲೇ ಇದ್ದವು, ಅಣ್ಣ ಇರಲಿಲ್ಲ. ನರಸೀಪುರದ ಸೋದರಮಾವನ ಮನೆ ಸೇರಿದ್ದ. ಎರಡು ದಿನದ ಮೇಲೆ ಫೋನ್ ಮಾಡಿದ. ಎತ್ತಿಕೊಂಡವಳು ನಾನು. “ಮರೀ” ಅಂದ. ಬೈಯುತ್ತಾನೆಂದು ಹೆದರಿ ಕಟ್ ಮಾಡಿದೆ. ಅಷ್ಟೇ. ಅಮ್ಮ ಹಬ್ಬ ಹರಿದಿನಕ್ಕೆ ತವರಿಗೆ ಹೋಗಿ ಅವನನ್ನು ನೋಡಿಕೊಂಡು ಬರುತ್ತಿದ್ದಳು. ನಾನೂ ಅಪ್ಪನೂ ಮನೆಯಲ್ಲೇ ಉಳಿಯುತ್ತಿದ್ದೆವು. ಅವನಿಗೆ ಕಂಡಕ್ಟರ್ ಕೆಲಸ ಸಿಕ್ಕಿದ್ದನ್ನೂ, ಮಾವನ ಮನೆ ಬಿಟ್ಟು ನರಸೀಪುರದಲ್ಲೇ ರೂಮು ಮಾಡಿದ್ದನ್ನೂ ಅಮ್ಮನೇ ಹೇಳಿದ್ದು. ಯಾವ ರೂಟು ಎಂದು ಕೇಳುವ ಧೈರ್ಯ ನನಗಾಗಿರಲಿಲ್ಲ.

ಅವನು ಹೋದ ಮೇಲೆ ನಾನು ಮಾತು ಕಡಿಮೆ ಮಾಡುತ್ತ ಬಂದೆ. ಬಾಯಿ ಬಿಟ್ಟರೆ ಯಾರಾದರೊಬ್ಬರು ಮನೆ ಬಿಟ್ಟು ಹೋಗುತ್ತಾರೆ ಎಂದು ತಲೆಯಲ್ಲಿ ಕೂತುಬಿಟ್ಟಿತ್ತು. ಕಾಲೇಜಿನಲ್ಲಿ ಹಾಜರಿಗೆ “ಎಸ್ ಮಿಸ್” ಅಂದರೆ ಆ ದಿನದ ಮಾತು ಮುಗಿಯಿತು. ಮಧ್ಯಾಹ್ನ ಡಬ್ಬಿ ಎತ್ತಿಕೊಂಡು ಕಪಿಲೆಯ ಮೆಟ್ಟಿಲಿಗೆ ಹೋಗಿ, ಮುಡಿ ಕೊಟ್ಟು ಬೋಳುತಲೆಯಲ್ಲಿ ನೀರಿಗಿಳಿದು ಕಿರುಚುವ ಮಕ್ಕಳನ್ನು ನೋಡುತ್ತ ಚಿತ್ರಾನ್ನ ತಿನ್ನುತ್ತಿದ್ದೆ. ಮನೆಗೆ ಬಂದರೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬಳೇ ಸಿನಿಮಾ ನೋಡುವುದು. ಇಂಥವಳ ಕಿವಿಗೆ ಆ “ಎಲ್ಲಿಗೆ?” ಬಿದ್ದಿತ್ತು. ಚಿಕ್ಕಮ್ಮನ ಮನೆ ತಲುಪುವ ತನಕ ರಸ್ತೆಯಲ್ಲಿ ಒಬ್ಬಳೇ ನಗುತ್ತಿದ್ದೆ. ರವಿಕೆಯ ಚೀಲವನ್ನು ಚಿಕ್ಕಮ್ಮನ ಬದಲು ಪಕ್ಕದ ಮನೆಯವರಿಗೆ ಕೊಟ್ಟು, ಹೋಗಿ ವಾಪಸ್ ಇಸಿದುಕೊಂಡೆ.

ಮುಂದಿನ ಶನಿವಾರ ಕಾಲೇಜು ಮಧ್ಯಾಹ್ನಕ್ಕೇ ಬಿಟ್ಟಾಗ ಕಾಲು ತಾನಾಗಿ ಬಸ್‌ಸ್ಟ್ಯಾಂಡಿಗೆ ಹೋಯಿತು. ಅದೇ ಒಂದೂಕಾಲಿನ ಬಸ್ಸು. ಫ್ರೀ ಬಸ್ಸಾದರೂ ಟಿಕೆಟ್ ತಗೊಳ್ಳಲೇಬೇಕು, ಕಂಡಕ್ಟರ್ ಬಂದು ಕೇಳಲೇಬೇಕು. ಅಂದರೆ ಅಣ್ಣನಿಗೆ ಇಷ್ಟವಿರಲಿ ಬಿಡಲಿ, ನನ್ನನ್ನು ಮಾತಾಡಿಸದೆ ಬೇರೆ ದಾರಿ ಇರಲಿಲ್ಲ. ಇದು ಹೊಳೆದಾಗ ನನಗೆ ಆದ ಖುಷಿಯನ್ನು ಏನೆಂದು ಹೇಳಲಿ. ಹೋಗುವಾಗ ಒಂದು “ಎಲ್ಲಿಗೆ?”, ಅದೇ ಬಸ್ಸಲ್ಲಿ ಬರುವಾಗ ಇನ್ನೊಂದು. ಮನೆಯಲ್ಲಿ ಲೈಬ್ರರಿ ಎಂದೆ.

ಮೂರನೆಯ ಶನಿವಾರದ ಹೊತ್ತಿಗೆ ಆಸೆ ಬೆಳೆಯಿತು. “ಎಲ್ಲಿಗೆ?” ಎಂದ. “ತಲಕಾಡಿಗೆ” ಎಂದೆ, ಮುಖ ಗಂಟು ಹಾಕಿಕೊಂಡು.

“ಈ ಬಸ್ಸು ತಲಕಾಡಿಗೆ ಹೋಗಲ್ಲ. ನರಸೀಪುರದಲ್ಲಿ ಇಳಿದು ಬೇರೆ ಬಸ್ ಹಿಡೀಬೇಕು.”

ಎಂಥ ಉದ್ದದ ಮಾತು. ನಾನು ಕಿಟಕಿಗೆ ತಿರುಗಿ ದುಪಟ್ಟಾ ಬಾಯಿಗೆ ತುರುಕಿಕೊಂಡೆ. ಅದರ ಮುಂದಿನ ವಾರ ಇನ್ನೊಂದು ಉಪಾಯ ಮಾಡಿದೆ. ಅರ್ಧ ದಾರಿಯಲ್ಲಿ ಕೈಮರದ ಸ್ಟಾಪು ಬರುತ್ತದೆ. ಮೊದಲು ಕೈಮರಕ್ಕೆಂದು ಟಿಕೆಟ್ ತಗೊಳ್ಳುವುದು, ಅದು ಬರುತ್ತಿದ್ದಂತೆ ಕೈ ಎತ್ತಿ ನರಸೀಪುರಕ್ಕೆ ಇನ್ನೊಂದು ಕೇಳುವುದು. ಹೀಗೆ ಹೋಗುತ್ತ ಎರಡು, ಬರುತ್ತ ಎರಡು. ಅಣ್ಣ ಪ್ರತಿಸಲವೂ ಬಂದು, ಪ್ರತಿಸಲವೂ ಆಧಾರ್ ನೋಡಿ, ಚೀಟಿ ಕೊಟ್ಟು ಹೋಗುತ್ತಿದ್ದ. ಒಂದು ದಿನವೂ ರೇಗಲಿಲ್ಲ. ಅವನಿಗೆ ಕೋಪ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ.

ಆಟ ಕೆಟ್ಟದ್ದು ಆರನೆಯದೋ ಏಳನೆಯದೋ ವಾರ. ಅಮಾವಾಸ್ಯೆಯ ರಶ್ಶು. ಚಿಕ್ಕಯ್ಯನಛತ್ರದ ಕಡೆಯಿಂದ ನಂಜುಂಡೇಶ್ವರನ ದರ್ಶನಕ್ಕೆ ಬಂದು ನರಸೀಪುರದ ನೆಂಟರ ಮನೆಗೆ ಹೊರಟಿದ್ದ ಹೆಂಗಸರ ಗುಂಪೊಂದು ಬಸ್ಸು ತುಂಬಿತ್ತು. ನನ್ನ ಪಕ್ಕದಲ್ಲಿ ತೊಡೆಯ ಮೇಲೆ ಬದನೆಕಾಯಿ ಚೀಲ ಇಟ್ಟುಕೊಂಡ ಅಜ್ಜಿ. ಕೈಮರ ಬಂತು, ಹೋಯಿತು. ನಾನು ಕೈ ಎತ್ತಿಯೇ ಇದ್ದೆ. ಅಣ್ಣ ಹಿಂದಿನ ಬಾಗಿಲಲ್ಲಿ ಸಿಕ್ಕಿಕೊಂಡಿದ್ದ. ಆಗಲೇ ಬಸ್ಸು ನಿಂತು, ಚೆಕಿಂಗ್‌ನವರು ಹತ್ತಿದರು. ನರೆತ ತಲೆಯ, ಕನ್ನಡಕದ ಮನುಷ್ಯ. ನನ್ನ ಚೀಟಿ ತಗೊಂಡು ಬೆಳಕಿಗೆ ಹಿಡಿದರು.

“ಕೈಮರ ಆಗಲೇ ಹೋಯ್ತಲ್ಲಮ್ಮ. ಯಾಕೆ ಇಳೀಲಿಲ್ಲ?”

“ನರಸೀಪುರಕ್ಕೆ ಹೋಗ್ಬೇಕು ಸರ್.”

“ಹಂಗಿದ್ರೆ ನರಸೀಪುರಕ್ಕೇ ತಗೋಬೇಕು ತಾನೆ?” ಜನರ ನಡುವೆ ನುಗ್ಗಿ ಬಂದ ಅಣ್ಣನ ಕಡೆ ತಿರುಗಿದರು. “ಏನ್ ಕಂಡಕ್ಟ್ರೇ, ಇದನ್ನ ಬರೆದ್ರೆ ನಿಮಗೇ ಮೆಮೋ ಬರೋದು. ಗೊತ್ತಲ್ಲ?”

“ರಶ್ ಇತ್ತು ಸಾ. ಕೊಡಕ್ಕೇ ಬತ್ತಿದ್ದೆ.”

“ಕೊಡಕ್ಕೆ ಅಂದ್ರೆ? ಈಕೆ ಹಿಂಗೇ ತಗೊಳ್ಳೋದು ಅಂತ ನಿಮಗೆ ಮೊದ್ಲೇ ಗೊತ್ತಾ?”

“ಶನಿವಾರ ಮಾತ್ರ ಸಾ.”

ಎರಡನೆಯ ಸಲವೂ ಇವನನ್ನು ಸಿಕ್ಕಿಸಿದೆನಲ್ಲ ಎನಿಸಿ ಕಣ್ಣು ಮಂಜಾಯಿತು. ಚೆಕಿಂಗ್‌ನವರು ಪೆನ್ನಿನ ಮುಚ್ಚಳ ತೆಗೆಯುತ್ತ ಈ ಹುಡುಗಿ ಯಾರು ಎಂದು ಕೇಳಿದರು.

“ನನ್ನ ತಂಗಿ ಸಾ.”

“ಒಡಹುಟ್ಟಿದ ತಂಗೀನಾ?”

“ಹೂಂ ಸಾ.”

“ಒಡಹುಟ್ಟಿದ ತಂಗಿಗೆ ಎರಡೆರಡು ಟಿಕೆಟ್ ಯಾಕಪ್ಪ ಹರೀತೀಯ?”

“ಅವಳನ್ನೇ ಕೇಳಿ ಸಾ.”

ಇಡೀ ಬಸ್ಸು ನನ್ನ ಕಡೆ ತಿರುಗಿತು. ವರ್ಷಗಟ್ಟಲೆ ಮುಚ್ಚಿಟ್ಟಿದ್ದ ಬಾಯಿ, ಎಲ್ಲ ಬಿಟ್ಟು ಆ ಹೊತ್ತಿನಲ್ಲಿ ತೆರೆದುಕೊಂಡಿತು. “ಒಂದೇ ಟಿಕೆಟ್ ತಗೊಂಡ್ರೆ ಒಂದೇ ಸಲ ಮಾತಾಡ್ತಾನೆ ಸರ್. ಆರು ವರ್ಷದಿಂದ ಮಾತು ಬಿಟ್ಟಿದ್ದಾನೆ. ಟಿಕೆಟ್ ಕೊಡುವಾಗ ಮಾತ್ರ ಎಲ್ಲಿಗೆ ಅಂತ ಕೇಳ್ತಾನೆ.”

ಬದನೆಕಾಯಿ ಅಜ್ಜಿ ಅಣ್ಣನ ಅಂಗಿ ಹಿಡಿದೆಳೆದಳು. “ಅಯ್ಯೋ ಸಿವನೆ, ನಿನ್ ಬಾಯಲ್ಲೇನ್ಲಾ ಕಡುಬು ಮಡೀಕಂಡಿದ್ದೀಯೆ? ಮಾತಾಡ್ಸ್ಲಾ ಕೂಸ್ನ.” ಹಿಂದಿನಿಂದ ಇನ್ನೊಬ್ಬಳು, “ಆಧಾರ್ ಬೇರೆ ಕೇಳ್ತಾನೆ ಕಣಕ್ಕ, ತಂಗಿಯ,” ಎಂದಳು. ಬಸ್ಸಿನ ಮುಂದಿನಿಂದ ಹಿಂದಿನವರೆಗೆ ನಗು ಹಬ್ಬಿತು. ಚೆಕಿಂಗ್‌ನವರು ನಗದಿರಲು ಬಹಳ ಪ್ರಯತ್ನಪಟ್ಟರು. ಕನ್ನಡಕ ತೆಗೆದು ಒರೆಸಿದರು. ಪೆನ್ನಿನ ಮುಚ್ಚಳ ಹಾಕಿದರು.

“ಈಗ ನನ್ನೆದುರಿಗೇ ನರಸೀಪುರಕ್ಕೆ ಟಿಕೆಟ್ ಕೊಡು. ಇನ್ಮೇಲೆ ಇವಳು ಒಂದೇ ಟಿಕೆಟ್ ತಗೋಬೇಕು, ನೀನು ಎರಡು ಮಾತಾಡ್ಬೇಕು. ಇನ್ನೊಂದ್ಸಲ ಸಿಕ್ಕಿದ್ರೆ ಬರೆದೇ ಬರೀತೀನಿ.”

ನರಸೀಪುರದ ಸ್ಟ್ಯಾಂಡಿನಲ್ಲಿ ಬಸ್ಸು ಅರ್ಧ ಗಂಟೆ ನಿಲ್ಲುತ್ತದೆ. ಅಣ್ಣ ಇಳಿದು ಎರಡು ಹೆಜ್ಜೆ ನಡೆದು, ತಿರುಗಿ, “ಬಾ” ಎಂದ. ಕ್ಯಾಂಟೀನಿನಲ್ಲಿ ಎರಡು ಕಾಫಿ, ಒಂದು ತಟ್ಟೆ ಬೋಂಡ ಹೇಳಿದ. ಇಬ್ಬರೂ ಬೋಂಡವನ್ನೇ ನೋಡುತ್ತ ಕೂತೆವು.

“ಫೋನ್ ಕಟ್ ಮಾಡ್ದೆ ಅಲ್ವಾ ನೀನು,” ಎಂದ. “ನನ್ನ ಹತ್ರ ಮಾತಾಡಕ್ಕೂ ಅಸಹ್ಯ ಆಗೈತೆ ಇವಳಿಗೆ ಅನ್ಕೊಂಡೆ.”

“ಬೈತೀಯ ಅಂತ ಹೆದರಿದ್ದೆ ಅಣ್ಣ. ಅಪ್ಪನ ಹತ್ರ ಹೇಳ್ದವಳು ನಾನೇ ಅಲ್ವಾ.”

“ಅದು ಗೊತ್ತು. ನೀನು ಹೇಳ್ದೆ ಇದ್ದಿದ್ರೆ ಇನ್ನೂ ಸುಳ್ಳು ಹೇಳ್ಕೊಂಡೇ ತಿರುಗ್ತಿದ್ದೆ. ನಾನು ಬೈಯಕ್ಕೆ ಫೋನ್ ಮಾಡ್ಲಿಲ್ಲ ಕಣೇ. ನಿನ್ನ ಜಾಮಿಟ್ರಿ ಬಾಕ್ಸು ನನ್ನ ಬ್ಯಾಗಲ್ಲಿ ಬಂದ್ಬಿಟ್ಟಿತ್ತು. ಮಾರನೇ ದಿನ ನಿನಗೆ ಟೆಸ್ಟ್ ಇತ್ತು. ಅದನ್ನ ಹೇಳಣ ಅಂತ.”

ನನಗೆ ಆ ಟೆಸ್ಟು ನೆನಪಿತ್ತು. ಕೈವಾರ ಸಿಗದೆ ಅಮ್ಮನ ಬಳೆ ಇಟ್ಟು ವೃತ್ತ ಎಳೆದು, ಗಣಿತದ ಮೇಷ್ಟ್ರ ಮಗಳು ಬಳೆಯಲ್ಲಿ ಗಣಿತ ಮಾಡ್ತಾಳೆ ಎಂದು ತರಗತಿಯೆಲ್ಲ ನಕ್ಕಿತ್ತು. ಅದನ್ನು ಹೇಳಿದೆ. ಅಣ್ಣ ಕಾಫಿ ಮೂಗಿಗೆ ಹತ್ತುವಂತೆ ನಕ್ಕ. ಅವನನ್ನು ನೋಡಿ ನಾನು, ನನ್ನನ್ನು ನೋಡಿ ಅವನು, ಸಪ್ಲೈಯರ್ ಬಂದು ಏನಾಯಿತೆಂದು ನಿಂತು ನೋಡುವಷ್ಟು. ಡ್ರೈವರಣ್ಣ ಟೀ ಲೋಟ ಹಿಡಿದು ನಮ್ಮ ಟೇಬಲ್ಲಿಗೇ ಬಂದ.

“ತಂಗಿ ಅಂತ ಒಂದು ಮಾತು ಏಳ್ನಿಲ್ಲ ಕಣವ್ವ ಇವ್ನು. ಶನಿವಾರ ಆದ್ರೆ ಎರಡು ನಿಮ್ಸ ತಡಿ, ಒಬ್ಬರು ಬರಬೇಕು ಅಂತ ಬಸ್ ನಿಲ್ಲುಸ್ತಿದ್ದ. ನಾನು ಯಾವ್ದೋ ಎಣ್ಣು ಇವನ್ ಇಂದೆ ಬಿದ್ದದೆ ಅಂತ ಡಿಪೋದಲ್ಲೆಲ್ಲ ಏಳ್ಕಂಡು ಬಂದೀವ್ನಿ. ಈಗ ಯಾವ ಮುಖ ಇಟ್ಕಂಡು ಓಗ್ಲಿ?”

ನಿಲ್ಲಿಸುತ್ತಿದ್ದನಂತೆ. ನಾನು ಓಡೋಡಿ ಬಂದು ಹತ್ತಿ, ಸದ್ಯ ಬಸ್ಸು ಸಿಕ್ಕಿತಲ್ಲ ಎಂದುಕೊಳ್ಳುತ್ತಿದ್ದ ಶನಿವಾರಗಳೆಲ್ಲ ಕಣ್ಣ ಮುಂದೆ ಬಂದವು. ಅಣ್ಣ ಕಿವಿಯವರೆಗೂ ಕೆಂಪಾಗಿ ಕೊನೆಯ ಬೋಂಡವನ್ನು ನನ್ನ ಕಡೆ ತಳ್ಳಿದ.

ಸೋಮವಾರ ಕಾಲೇಜಿನಲ್ಲಿ ಪಕ್ಕದ ಹುಡುಗಿಗೆ ಎಲ್ಲವನ್ನೂ ಹೇಳಿದೆ, ಮೊದಲಿಂದ ಕೊನೆವರೆಗೆ. ಅವಳು ಕಥೆಗಿಂತ ನನ್ನ ಧ್ವನಿ ಕೇಳಿಯೇ ಬೆರಗಾದಳು. ಡಬ್ಬಿ ಹಿಡಿದು ನನ್ನ ಜೊತೆ ಹೊಳೆಗೆ ಬಂದಳು. ಮನೆಯಲ್ಲಿ ಲೈಬ್ರರಿಯ ಸುಳ್ಳನ್ನೂ ಒಪ್ಪಿಕೊಂಡೆ. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಪುಟ ತಿರುವುತ್ತ, “ಅವನು ಅಡುಗೆ ಯಾರ ಕೈಲಿ ಮಾಡಿಸ್ಕೊಳ್ತಾನೆ?” ಎಂದು ಕೇಳಿದರು.

ಅವನೇ ಮಾಡಿಕೊಳ್ಳುತ್ತಿದ್ದ. ಅವನ ರಜದ ದಿನ ನಾನು ರೂಮು ನೋಡಲು ಹೊರಟಾಗ ಅಪ್ಪ, “ನಾನೇ ಬಿಡ್ತೀನಿ” ಎಂದು ಸ್ಕೂಟರ್ ತೆಗೆದರು. ಅಣ್ಣನ ರೂಮು ಸೋಸಲೆ ರಸ್ತೆಯಲ್ಲಿ ಒಂದು ಮನೆಯ ಮಹಡಿ ಮೇಲೆ. ಅಪ್ಪ ಕೆಳಗೇ ಸ್ಕೂಟರ್ ಮೇಲೆ ಕೂತರು, ಹೆಲ್ಮೆಟ್ ಕೂಡ ತೆಗೆಯಲಿಲ್ಲ. “ನೀನು ಹೋಗು, ನಾನು ಇಲ್ಲೇ ಇರ್ತೀನಿ.”

ಅಣ್ಣ ಆಗ ತಾನೇ ಉಪ್ಪಿಟ್ಟು ಮಾಡಿದ್ದ. ಅಪ್ಪ ಕೆಳಗಿದ್ದಾರೆ ಎಂದು ನಾನು ಹೇಳಿದ್ದನ್ನು ಕೇಳಿ ಎರಡು ನಿಮಿಷ ಸೌಟು ಹಿಡಿದೇ ನಿಂತ. ಆಮೇಲೆ ತಟ್ಟೆಗೆ ಹಾಕಿಕೊಂಡು ಕೆಳಗಿಳಿದ. ನಾನು ಮೇಲಿನಿಂದ ಬಗ್ಗಿ ನೋಡಿದೆ. ಅಪ್ಪ ಹೆಲ್ಮೆಟ್ ತೆಗೆದು ಕನ್ನಡಿಗೆ ಸಿಕ್ಕಿಸಿ, ತಟ್ಟೆ ಇಸಿದುಕೊಂಡು, ಸ್ಕೂಟರ್ ಮೇಲೆ ಕೂತೇ ತಿಂದರು.

“ಉಪ್ಪು ಕಮ್ಮಿ.”

ಅಣ್ಣ ಮೆಟ್ಟಿಲು ಹತ್ತಿ ಬಂದು ಉಪ್ಪು ತಗೊಂಡು ಇಳಿದ. ಅಪ್ಪ ಬೆರೆಸಿಕೊಂಡು, ಇನ್ನೊಂದು ತುತ್ತು ತಿಂದು, “ನಿಂಬೆಹಣ್ಣು ಇದೆಯಾ?” ಎಂದರು. ಅಣ್ಣ ಮತ್ತೆ ಹತ್ತಿದ, ಮತ್ತೆ ಇಳಿದ. ಆಮೇಲೆ ನೀರು. ಮೂರನೆಯ ಸಲ ಮೇಲೆ ಬಂದಾಗ ಏದುಸಿರು ಬಿಡುತ್ತ, “ಏನೇ ಇದು, ಮೇಲೇ ಬಂದು ತಿನ್ನಬಾರ್ದಾ ಇವ್ರು,” ಎಂದ. ನಗು ತಡೆಯಲಾರದೆ ನಾನು ಬಾಗಿಲಿಗೆ ಒರಗಿ ಕೂತೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಅಪ್ಪ ಬರಿದಾದ ತಟ್ಟೆ ಹಿಡಿದು ಹತ್ತಿ ಬಂದರು. ರೂಮನ್ನು, ಗೋಡೆಗೆ ನೇತುಹಾಕಿದ್ದ ಖಾಕಿ ಅಂಗಿಯನ್ನು, ಒಲೆಯನ್ನು ಒಂದೊಂದಾಗಿ ನೋಡಿದರು.

“ಇನ್ನೊಂದು ಸ್ವಲ್ಪ ಹಾಕು,” ಎಂದು ಚಾಪೆಯ ಮೇಲೆ ಕೂತರು.