ಟೈಲರಮ್ಮನ ಪಿಟೀಲು ಪಾಠ

ಟೈಲರಮ್ಮನ ಬಾಯಿ ಎಂಥದ್ದೆಂದು ಬೀದಿಗೆಲ್ಲ ಗೊತ್ತು. ಕೋಟು ಬಿಗಿಯಾಯಿತೆಂದು ದೂರಲು ಬಂದವರನ್ನು, "ಕೋಟು ಸರಿಯಾಗೇ ಇದೆ, ನೀವು ಉಂಡಿದ್ದು ಜಾಸ್ತಿ ಆಗಿದೆ" ಎಂದು ಸಾಗಹಾಕುತ್ತಿದ್ದಳು. ಆದರೆ ಸಂಜೆ ನಾಲ್ಕಾಯಿತೆಂದರೆ ಮಿಷನ್ನಿಗೆ ಬಟ್ಟೆ ಹೊದಿಸಿ ಎದುರಿನ ಶಾಲೆಯ ಹಿಂದಿನ ಕೋಣೆಗೆ ಹೊರಟುಬಿಡುವಳು. ಅಪ್ಪ ಅಮ್ಮ ಕೆಲಸದಿಂದ ತಡವಾಗಿ ಬರುವ ಹನ್ನೊಂದು ಮಕ್ಕಳು ಅಲ್ಲಿ ಕಾದಿರುತ್ತಿದ್ದರು. ಅವರಿಗೆ ಪಿಟೀಲು ಪಾಠ, ಪುಕ್ಕಟೆ.

ಅವಳಿಗೆ ಕಲಿಸಿದ್ದು ಕೋಟು ಹೊಲಿಸಲು ಬರುತ್ತಿದ್ದ ಒಬ್ಬ ಮುದಿ ಸಂಗೀತದ ಮೇಷ್ಟ್ರು. "ನೀನೂ ನಾಲ್ಕು ಜನಕ್ಕೆ ಕಲಿಸಮ್ಮ, ಅಷ್ಟು ಸಾಕು" ಅಂದಿದ್ದರು. ಕಣ್ಣು ಮುಚ್ಚುವಾಗ ಅವಳಿಗೊಂದು, ಮಕ್ಕಳಿಗೆಂದು ಆರು ಪಿಟೀಲು ಬಿಟ್ಟುಹೋದರು. ಮಿಕ್ಕ ಐದು ಮಕ್ಕಳು ಸರದಿ ಬರುವವರೆಗೆ ಮರದ ಅಳತೆಪಟ್ಟಿಯನ್ನೇ ಕಮಾನು ಮಾಡಿಕೊಂಡು ಕೈ ಪಳಗಿಸಬೇಕು.

ಪಾಠದಲ್ಲಿ ಬೈಗುಳವಿರಲಿಲ್ಲ, ಎಲ್ಲ ಅಂಗಡಿಯಲ್ಲೇ ಖರ್ಚಾಗಿರುತ್ತಿತ್ತೋ ಏನೋ. ಯಾರಾದರೂ ತಪ್ಪಿದರೆ, ಕೇಳಿಸಿಕೊಂಡವರು "ಹೊಲಿಗೆ ಬಿಚ್ಚಿ!" ಎಂದು ಕೂಗಬೇಕು. ಎಲ್ಲರೂ ನಿಲ್ಲಿಸಿ ಒಂದು ಸಾಲು ಹಿಂದಿನಿಂದ ಮತ್ತೆ ನುಡಿಸಬೇಕು. ಸೊಟ್ಟ ಹೊಲಿಗೆಯ ಮೇಲೆ ಇನ್ನೊಂದು ಹೊಲಿಗೆ ಹಾಕಿದರೆ ಅದು ನೆಟ್ಟಗಾಗುವುದುಂಟೇ? ಎಂದೂ ಕೂಗದವಳು ಒಬ್ಬಳೇ, ಲಾಂಡ್ರಿಯವಳ ಮಗಳು. ಏನು ಕೇಳಿದರೂ ಪಿಳಿಪಿಳಿ ಕಣ್ಣು ಬಿಡುತ್ತಿದ್ದಳಾದ್ದರಿಂದ ಅವಳ ಹೆಸರೇ ಪಿಳಿಪಿಳಿ ಎಂದಾಗಿತ್ತು.

ಹೀಗಿರಲು ಶಾಲೆಗೆ ಹೊಸ ಹೆಡ್‌ಮೇಡಂ ಬಂದರು. ಮುರಿದ ಬೆಂಚುಗಳನ್ನು ಇಡಲು ಆ ಕೋಣೆ ಬೇಕೆಂದರು. ಟೈಲರಮ್ಮನ ಅಂಗಡಿಯಲ್ಲೋ, ಮಿಷನ್ನಿಟ್ಟ ಮೇಲೆ ಅವಳಿಗೇ ಜಾಗವಿಲ್ಲ. ಕೋಣೆ ಹೋದರೆ ಪಾಠವೂ ಹೋದಂತೆ. ಉಕ್ಕಿಬಂದ ಸಿಟ್ಟನ್ನು ನುಂಗಿಕೊಂಡು, "ಒಂದ್ಸಲ ಬಂದು ಕೇಳಿ ಮೇಡಂ, ಆಮೇಲೆ ನಿಮ್ಮಿಷ್ಟ" ಎಂದಳು.

ಶುಕ್ರವಾರ ಅವರು ಬರುವ ಮುಂಚೆ ಮಕ್ಕಳಿಗೆ ತಾಕೀತು ಮಾಡಿದಳು: "ನೋಡ್ರೋ, ಇವತ್ತೊಂದಿನ ಯಾರೂ ಹೊಲಿಗೆ ಬಿಚ್ಚೋ ಹಾಗಿಲ್ಲ. ತಪ್ಪಾದ್ರೂ ಬಾಯಿ ಮುಚ್ಕೊಂಡು ಕೊನೇವರೆಗೂ ನುಡಿಸ್ಬೇಕು."

ಮಕ್ಕಳು ಚಾಚೂ ತಪ್ಪದೆ ನುಡಿಸಿದರು. ತಪ್ಪಿದ್ದು ಟೈಲರಮ್ಮನೇ. ಮೇಡಂ ಮುಖ ಹೇಗಿದೆಯೆಂದು ಕದ್ದು ನೋಡಲು ಹೋಗಿ ಬೆರಳು ಜಾರಿತು, ಪಿಟೀಲು ಕೀಚೆಂದಿತು. ಏನೂ ಆಗಿಲ್ಲವೆಂಬಂತೆ ಮುಂದುವರಿಸಿದಳು.

"ಹೊಲಿಗೆ ಬಿಚ್ಚಿ, ಟೈಲರಮ್ಮ!"

ಅಳತೆಪಟ್ಟಿ ಹಿಡಿದು ಮೂಲೆಯಲ್ಲಿ ನಿಂತಿದ್ದ ಪಿಳಿಪಿಳಿ! ಅಭ್ಯಾಸಬಲದಿಂದ ಆರೂ ಪಿಟೀಲು ನಿಂತವು.

"ಏನದು?" ಎಂದರು ಮೇಡಂ. ಮಕ್ಕಳೆಲ್ಲ ಒಟ್ಟಿಗೇ ಬಾಯಿ ಹಾಕಿ ವಿವರಿಸಿದರು.

"ಕಲಿಸೋರಿಗೂ ಹಾಗೆ ಹೇಳ್ಬಹುದಾ?"

"ತಪ್ಪಾದ್ರೆ ಯಾರಿಗಾದ್ರೂ ಹೇಳ್ಬೇಕು," ಎಂದಳು ಪಿಳಿಪಿಳಿ.

ಮೇಡಂ ಅವಳ ಕಡೆ ಬಗ್ಗಿದರು. "ಹಾಗಾದ್ರೆ, ನಾನು ಈ ಕೋಣೆ ಕೇಳಿದ್ದು?"

ಪಿಳಿಪಿಳಿ ಎರಡು ಸಲ ಕಣ್ಣು ಮಿಟುಕಿಸಿದಳು. ಆಮೇಲೆ ಕಿಟಕಿ ಅದುರುವಂತೆ ಕೂಗಿದಳು: "ಹೊಲಿಗೆ ಬಿಚ್ಚಿ, ಮೇಡಂ!"

ಮೇಡಂ ಬಿದ್ದು ಬಿದ್ದು ನಕ್ಕರು. "ಆಯ್ತಮ್ಮ, ಬಿಚ್ಚಿದೆ. ಬೆಂಚು ನನ್ನ ಆಫೀಸಿನ ಪಕ್ಕ ಬಿದ್ದಿರ್ಲಿ."

ಟೈಲರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ತನ್ನ ಪಿಟೀಲನ್ನು ಪಿಳಿಪಿಳಿಯ ಕೈಗಿಟ್ಟು, ಅವಳ ಅಳತೆಪಟ್ಟಿ ತಾನು ತೆಗೆದುಕೊಂಡಳು.

"ಏನ್ರೋ ಮಿಕಮಿಕ ನೋಡ್ತಿದ್ದೀರಾ? ಒಂದು ಸಾಲು ಹಿಂದಿನಿಂದ!"