ದೀಪ ಮುಟ್ಟಿಸಿ ಮಾಡಿಸಿದ ಆಣೆ

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ. ಬರೆದು ಅಭ್ಯಾಸವಿಲ್ಲ. ಆದರೂ ತಂಗಿಗೆ ನಾನು ಮಾಡಿದ್ದನ್ನು ಬರೆಯಲೇಬೇಕು.

ಅಪ್ಪ ತೀರಿಕೊಂಡಾಗ ಅವಳು ಪಿಯುಸಿ ಓದುತ್ತಿದ್ದಳು. ಅಮ್ಮ ಮೊದಲೇ ಇರಲಿಲ್ಲ. ಮನೆಯಲ್ಲಿ ಉಳಿದದ್ದು ನಾವಿಬ್ಬರೇ. ನೆಂಟರೆದುರು ಬಾಯಿಯೇ ಬಿಡದ ಹುಡುಗಿ ಅವಳು. ಭಾನುವಾರ ಅಪ್ಪನ ಜೊತೆ ಸಿನಿಮಾ ನೋಡಿ ಬಂದರೆ ಮಾತ್ರ ಊಟದ ಹೊತ್ತಿಗೆ ನನಗೆ ಇಡೀ ಕಥೆ ಹೇಳುತ್ತಿದ್ದಳು. ಅಪ್ಪನ ತಿಥಿಯ ದಿನ ಅವಳು ಅಳಲಿಲ್ಲ. ಜನ ಅದನ್ನೂ ಆಡಿಕೊಂಡರು.

ನಮ್ಮಲ್ಲಿ ಸಾವಾದ ಮನೆಯವರು ವರ್ಷ ತುಂಬುವವರೆಗೆ ಹಬ್ಬ ಮಾಡುವುದಿಲ್ಲ, ಸಿನಿಮಾಕ್ಕೂ ಹೋಗುವುದಿಲ್ಲ. ಎರಡು ತಿಂಗಳಾದ ಮೇಲೆ, ಅಮಾವಾಸ್ಯೆಯ ದಿನ, ಅಪ್ಪನಿಗೆ ಎಡೆ ಇಡಲು ನೆಂಟರು ಸೇರಿದ್ದರು. ಪೆನ್ನಿಗೆಂದು ತಂಗಿಯ ಬ್ಯಾಗಿಗೆ ಕೈ ಹಾಕಿದರೆ ಬೇರೆ ಬೇರೆ ದಿನದ ನಾಲ್ಕು ಸಿನಿಮಾ ಟಿಕೆಟ್ ಸಿಕ್ಕವು. ಪಕ್ಕದಲ್ಲೇ ಅತ್ತೆ, ಅಪ್ಪನ ಅಕ್ಕ, ನಿಂತಿದ್ದರು.

"ಅಪ್ಪ ಸತ್ರೂ ಇವ್ಳಿಗೆ ಮ್ಯಾಟ್ನಿ ತಪ್ಪಲಿಲ್ಲ ನೋಡು."

ನನಗೆ ಮಾನ ಹೋದಂತಾಯಿತು. ಎಲ್ಲರೆದುರು ಅವಳ ಕೈ ಎಳೆದು, ಅಪ್ಪನ ಫೋಟೋ ಮುಂದಿನ ದೀಪ ಮುಟ್ಟಿಸಿ, ವರ್ಷ ತುಂಬುವವರೆಗೆ ಸಿನಿಮಾ ನೋಡುವುದಿಲ್ಲವೆಂದು ಆಣೆ ಮಾಡಿಸಿದೆ.

ಅವಳು ಆಣೆ ಮುರಿಯಲಿಲ್ಲ. ಗೋಡೆ ಕಡೆ ತಿರುಗಿ ಮಲಗಿಯೇ ಇರುತ್ತಿದ್ದಳು. ತಟ್ಟೆಯ ಅನ್ನ ಹಾಗೇ ಉಳಿಯುತ್ತಿತ್ತು. ಆಮೇಲೆ ಕಾಲೇಜಿಗೆ ಹೋಗುವುದನ್ನೂ ಬಿಟ್ಟಳು. ಶಿಫ್ಟ್ ಮುಗಿಸಿ ಬಂದ ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂತು ಕೇಳಿದೆ:

"ಅಲ್ಲಿ ಏನಿತ್ತೇ ಅಂಥದ್ದು?"

"ಇಲ್ಲಿ ಅತ್ರೆ ಎಲ್ರೂ ನನ್ನೇ ನೋಡ್ತಾರೆ. ಅಲ್ಲಿ ಕತ್ಲು ಕಣಕ್ಕ. ಎಲ್ರೂ ಪರದೆ ನೋಡ್ತಿರ್ತಾರೆ."

ನಾಲ್ಕು ಸಲವೂ ಅವಳು ಅಳುವುದಕ್ಕೆಂದೇ ಹೋಗಿದ್ದಳು. ಆಣೆ ಮಾಡಿಸುವ ಮುಂಚೆ ನಾನು ಒಂದು ಮಾತೂ ಕೇಳಿರಲಿಲ್ಲ.

"ಏಳು, ಹೋಗೋಣ."

"ಆಣೆ?"

"ಮಾಡಿಸ್ದೋಳು ನಾನು. ಪಾಪ ಬಂದ್ರೆ ನನಗೇ ಬರ್ಲಿ."

ಥಿಯೇಟರಿನಲ್ಲಿ ಒಂದು ಮದುವೆಯ ಹಾಡು ಬಂದಾಗ ಅವಳು ಬಿಕ್ಕಿ ಬಿಕ್ಕಿ ಅತ್ತಳು. ನಾನು ತಿರುಗಿ ನೋಡಲಿಲ್ಲ. ಮರುವಾರ ಮತ್ತೆ ಕಾಲೇಜಿಗೆ ಹೊರಟಳು.

ಎಲ್ಲರೆದುರು ಮಾಡಿದ ತಪ್ಪನ್ನು ಎಲ್ಲರೆದುರೇ ಒಪ್ಪಿಕೊಳ್ಳಬೇಕಿತ್ತು. ಮುಂದಿನ ಅಮಾವಾಸ್ಯೆಗೆ ನೆಂಟರು ಸೇರಿದಾಗ ಹೇಳಿದೆ, "ಆಣೆ ಮಾಡಿಸಿದ್ದು ನನ್ನ ತಪ್ಪು ಅತ್ತೆ. ಅವ್ಳು ಸಿನಿಮಾಕ್ಕೆ ಹೋಗ್ತಾಳೆ."

"ಹೋಗ್ಲಿ ಬುಡು. ಜನ ಉಗೀತಾರೆ, ಉಗಿಸ್ಕೊಳ್ಳಿ."

ಉತ್ತರ ಬಂದದ್ದು ತಂಗಿಯಿಂದ. "ಉಗೀಲಿ ಅತ್ತೆ. ನಾನು ನಾಳೆನೂ ಹೋಗ್ತೀನಿ."

ತಲೆ ತಗ್ಗಿಸದೆ ಮಾತು ಮುಗಿಸಿದಳು.